ಸೂಜಿಯಕ್ಕ ಬೆಟ್ಟ ಹತ್ತಿದ್ದು

ಸೂಜಿಯಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಕಸುಬಿನಿಂದ, ಅಂಟಿಕೊಂಡದ್ದು ನಾಲಿಗೆಯಿಂದ. ಬಸ್ ಡಿಪೋದ ಹಿಂದಿನ ಶೆಡ್ಡಿನಲ್ಲಿ ಹರಿದ ಸೀಟುಗಳನ್ನು ಬಿಚ್ಚಿ, ಜೀವ ಹೋದ ಫೋಮನ್ನು ಕಿತ್ತು, ಹೊಸದು ತುಂಬಿ, ಮೇಲೆ ರೆಕ್ಸಿನ್ ಎಳೆದು ಹೊಲಿಯುವುದು ಅವಳ ಕೆಲಸ. ಯಾವನಾದರೂ ಪುಂಡ ಬ್ಲೇಡಿನಲ್ಲಿ ಸೀಟು ಕೊಯ್ದಿದ್ದರೆ, ಬಾಗಿದ ಸೂಜಿಯನ್ನು ಚುಚ್ಚುತ್ತ ಎಳೆಯುತ್ತ ಅವನ ಏಳು ತಲೆಮಾರನ್ನೂ ಜಾಲಾಡುತ್ತಿದ್ದಳು. ಡ್ರೈವರುಗಳು ತಮ್ಮ ಸೀಟಿನ ತಕರಾರು ಹೇಳಲು ಬಂದವರು ಬಾಗಿಲಲ್ಲೇ ನಿಂತು ಒಳಗಿನ ಹವೆ ನೋಡಿಕೊಂಡು, ಗಾಳಿ ಬಿಸಿ ಇದೆ ಅನ್ನಿಸಿದರೆ ಹಾಗೇ ವಾಪಸ್ಸು ಹೋಗುತ್ತಿದ್ದರು.

ಗಂಡ ಬಡಗಿ. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಿದ್ದಳು ಎಂದು ನೆಂಟರು ನಗುತ್ತಿದ್ದರು. ಅವನು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಜೀವಮಾನವಿಡೀ ಎದೆಗೆ ಎಳೆದುಕೊಂಡ ಮರದ ಹುಡಿ ಕೊನೆಗೆ ಉಸಿರನ್ನೇ ಕಟ್ಟಿಹಾಕಿತ್ತು. ಅವನು ಬಿಟ್ಟುಹೋದದ್ದು ಒಂದು ನಾಯಿ, ಮತ್ತು ಬೆಟ್ಟದ ಮೇಲೆ ಕಾಡಿನೊಳಗೆ ಒಂದು ಪುಟ್ಟ ಮರದ ಮನೆ. ನಾಯಿಯನ್ನು ಅವಳು ಇಟ್ಟುಕೊಂಡಳು. ಮನೆಯ ಬೀಗದಕೈಯನ್ನು ಮೈದುನನ ಕೈಗೆ ಹಾಕಿ, "ಆಗಾಗ ಬಾಗಿಲು ತೆಗೆದು ಗಾಳಿ ಆಡಿಸು" ಎಂದಿದ್ದಳು. ಅವನಿಲ್ಲದ ಆ ಮನೆಗೆ ಹೋಗುವ ಗಟ್ಟಿತನ ಅವಳಲ್ಲಿ ಇರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ಜೊತೆಯಲ್ಲಿ ರೆಕ್ಸಿನ್ ಕತ್ತರಿಸುವ ಗೆಳತಿ ಫೋನ್ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು.

"ಅಕ್ಕ, ಇಲ್ಲಿ ನೋಡು. ಬೆಟ್ಟದ ಮೇಲೆ ಕಾಡೊಳಗೆ ಮರದ ಮನೆಯಂತೆ. ನಾಯೀನೂ ಕರ್ಕೊಂಡು ಹೋಗಿ ಉಳ್ಕೋಬಹುದಂತೆ. ನಮ್ಮನೆ ನಾಯಿ ಕರಿಯನ್ನ ಎಲ್ಲಿ ಬಿಡೋದು ಅಂತ ಪ್ರತಿ ರಜಕ್ಕೂ ಮನೇಲಿ ಜಗಳ. ಇದಾದ್ರೆ ಸಲೀಸು."

ಸೂಜಿಯಕ್ಕ ತುತ್ತು ಕಟ್ಟುತ್ತ ಅರೆಮನಸ್ಸಿನಿಂದ ಕಣ್ಣು ಹಾಯಿಸಿದಳು. ಕೈ ಅಲ್ಲೇ ನಿಂತಿತು. ಚಿತ್ರದಲ್ಲಿದ್ದ ಬಾಗಿಲಿಗೆ ಹಿಡಿಕೆಯಾಗಿ ಒಂದು ಬಾಗಿದ ಕೊಂಬೆಯಿತ್ತು. ಅವಳ ಅಂಗೈಗೆ ಸರಿಹೊಂದುವ ಕೊಂಬೆ ಬೇಕೆಂದು ಗಂಡ ಒಂದು ಇಡೀ ಭಾನುವಾರ ಕಾಡು ಅಲೆದು, ಮೈಕೈ ತರಚಿಕೊಂಡು ಹುಡುಕಿ ತಂದ ಕೊಂಬೆ ಅದು. ಕೆಳಗೆ ಮೈದುನ ಸುತ್ತಿಗೆ ಹಿಡಿದು ನಿಂತ ಫೋಟೋ. ಅದರಡಿಯಲ್ಲಿ ಬರೆದಿತ್ತು: ಈ ಮನೆಯ ಒಂದೊಂದು ಹಲಗೆಯನ್ನೂ ನಾನೊಬ್ಬನೇ, ನನ್ನ ಈ ಎರಡು ಕೈಗಳಿಂದ ಕೂರಿಸಿದ್ದೇನೆ.

"ಸುತ್ತಿಗೆ ಹಿಡಿದಿರೋದು ನೋಡು!" ಸೂಜಿಯಕ್ಕನ ಧ್ವನಿಗೆ ಶೆಡ್ಡಿನ ತಗಡು ಅದುರಿತು. "ಬಾಳೆಹಣ್ಣು ಹಿಡಿದ ಹಾಗೆ ಹಿಡ್ಕೊಂಡಿದಾನೆ! ಇವನು ಒಬ್ಬನೇ ಕಟ್ಟಿದನಂತೆ! ಇವನ ಬಾಯಿಗಿಷ್ಟು..."

"ಅಕ್ಕ, ಯಾರು ಅವನು? ಅನ್ನ ತಿನ್ನು ಮೊದಲು."

"ಅನ್ನ ಇಳಿಯಲ್ಲ ಈಗ. ನಿನ್ನ ಹೆಸರಲ್ಲಿ ಆ ಮನೆ ಹಿಡಿ. ಒಬ್ಬ ಹೆಂಗಸು, ಒಂದು ನಾಯಿ ಅಂತ ಹೇಳು. ಯಾರು ಅಂತ ಮಾತ್ರ ಹೇಳ್ಬೇಡ."

ಬಾಡಿಗೆಗೆ ಕೊಟ್ಟದ್ದಕ್ಕೆ ಅವಳಿಗೆ ಸಿಟ್ಟು ಬರಲಿಲ್ಲವೆಂದಲ್ಲ. ಆ ಜಾಗ ಅತ್ತೆಯದು, ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಕೇಳಿದ್ದರೆ ಹೂಂ ಅನ್ನುತ್ತಿದ್ದಳೋ ಏನೋ. ಆದರೆ ‘ಒಬ್ಬನೇ’ ಎಂಬ ಆ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು. ಅವಳೂ ಗಂಡನೂ ರಜಾದಿನಗಳನ್ನೆಲ್ಲ ಸುರಿದು, ಹಲಗೆಗಳನ್ನು ಹೆಗಲ ಮೇಲೆ ಹೊತ್ತು, ವರ್ಷಗಟ್ಟಲೆ ಕಟ್ಟಿದ ಮನೆ ಅದು. ಮುಂಬದಿಯ ಕಂಬ ಎತ್ತುವಾಗ ಹಗ್ಗ ಜಾರಿ ಅವಳ ಎಡಗೈ ಉಂಗುರದ ಬೆರಳು ಜಜ್ಜಿಹೋಗಿತ್ತು. ಆ ಉಗುರು ಮತ್ತೆ ನೆಟ್ಟಗೆ ಬೆಳೆಯಲೇ ಇಲ್ಲ.

ಮೈದುನನಿಗೆ ಐವತ್ತು ಹತ್ತಿರವಾದರೂ ಮನೆಯಲ್ಲಿ ಎಲ್ಲರೂ ‘ಮರಿ’ ಎಂದೇ ಕರೆಯುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವ ಕೆಲಸ ಅವನದು. ಮನೆ ಕಟ್ಟುವಾಗ ಎರಡು ಸಲ ಬೆಟ್ಟಕ್ಕೆ ಬಂದದ್ದು ಅವಳಿಗೆ ನೆನಪಿತ್ತು, ಒಂದು ಮೊಳೆ ಹೊಡೆದದ್ದು ನೆನಪಿರಲಿಲ್ಲ.

ಬೆಟ್ಟದ ಬುಡದವರೆಗೆ ಬಸ್ಸು. ಡ್ರೈವರು ಪರಿಚಯದವನು, ನಾಯಿಯನ್ನು ಕಂಡೂ ಕಾಣದ ಹಾಗೆ ಮುಖ ತಿರುಗಿಸಿದ. ನಾಯಿಯ ಹೆಸರು ಮೇಸ್ತ್ರಿ. ಮನೆಗೆ ಪಾಯ ತೆಗೆಯುವ ದಿನಗಳಲ್ಲಿ ಎಲ್ಲಿಂದಲೋ ಬಂದ ನಾಯಿಮರಿ, ಹಲಗೆಗಳ ರಾಶಿಯ ಮೇಲೆ ಕುಳಿತು ಇವರಿಬ್ಬರ ಕೆಲಸವನ್ನು ದಿನವಿಡೀ ನೋಡುತ್ತಿತ್ತು. ತಾನೊಂದು ಕಡ್ಡಿ ಎತ್ತಿಡುತ್ತಿರಲಿಲ್ಲ, ಊಟದ ಹೊತ್ತಿಗೆ ಮಾತ್ರ ಎಲ್ಲರಿಗಿಂತ ಮೊದಲು ಹಾಜರು. "ಮೇಸ್ತ್ರಿ ಬಂದ" ಎಂದು ಗಂಡ ಹೇಳಿದ್ದೇ ಹೆಸರಾಯಿತು. ಈಗ ಅದಕ್ಕೆ ಮೂತಿ ನರೆತಿತ್ತು, ಹಿಂಗಾಲುಗಳು ಬಿಗಿದುಕೊಂಡಿದ್ದವು. ಮನೆಯ ಎರಡು ಮೆಟ್ಟಿಲು ಹತ್ತಲು ಗೊಣಗುವ ಪ್ರಾಣಿ, ಬಸ್ಸಿನಿಂದ ಇಳಿದು ಕಾಡಿನ ದಾರಿ ಮೂಸಿದ್ದೇ ಸರಪಳಿಯನ್ನು ಎಳೆದುಕೊಂಡು ಹೊರಟಿತು. ಅವಳು ಏದುಸಿರು ಬಿಡುತ್ತ ಹಿಂದೆ ಬಿದ್ದಳು.

"ನಿಧಾನ ಕಣೋ. ನಿನಗೇನು, ಯಜಮಾನ ಅಲ್ಲಿ ಕಾಯ್ತಾ ಇದಾನೆ ಅಂದ್ಕೊಂಡ್ಯಾ?"

ಹೇಳಿಬಿಟ್ಟ ಮೇಲೆ ಆ ಮಾತು ಅವಳಿಗೇ ಚುಚ್ಚಿತು.

ಮರಗಳ ನಡುವೆ ಮನೆ ಕಂಡಿತು. ಬಾಗಿಲಿಗೆ ಗಿಳಿಹಸಿರು ಬಣ್ಣ ಬಳಿದಿದ್ದರು. ಜಗಲಿಯ ಸುತ್ತ ಬಣ್ಣದ ದೀಪಗಳ ಸರ. ಮುಂಬದಿಯ ಕಂಬಕ್ಕೆ ಒಂದು ಬೋರ್ಡು ತಿರುಪಿದ್ದರು, ಅದರ ಮೇಲೂ ಅದೇ ಮಾತು: ‘ಒಬ್ಬನೇ ಕಟ್ಟಿದ ಮನೆ.’ ಅದೂ ಯಾವ ಕಂಬಕ್ಕೆ! ಅವಳ ಬೆರಳು ತಿಂದ ಕಂಬಕ್ಕೆ.

ಬೀಗದಕೈ ಹೇಳಿದ್ದ ಜಾಗದಲ್ಲೇ, ಹೂಕುಂಡದ ಕೆಳಗಿತ್ತು. ಒಳಗೆ ಹೋದಳು. ಗಂಡನ ಕೆಲಸದ ಬೆಂಚಿಗೆ ಪಾಲಿಶ್ ಹೊಡೆದು ಅದರ ಮೇಲೆ ಕಾಫಿ ಲೋಟಗಳನ್ನು ಜೋಡಿಸಿದ್ದರು. ಉಳಿಯ ಗಾಯಗಳೆಲ್ಲ ಪಾಲಿಶಿನ ಅಡಿಯಲ್ಲಿ ಮುಚ್ಚಿಹೋಗಿದ್ದವು. ಕಿಟಕಿಯ ಪಕ್ಕದ ಆಸನದ ಮೇಲೆ ಅಂಗಡಿಯಿಂದ ತಂದ ತೆಳ್ಳನೆಯ ಹೂಹೂವಿನ ದಿಂಬು. ಅಲ್ಲಿ ಅವಳು ಹೊಲಿದ ಮೆತ್ತೆ ಇರಬೇಕಿತ್ತು. ಡಿಪೋದಲ್ಲಿ ಉಳಿದ ರೆಕ್ಸಿನ್ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಅಂಚಿಗೆ ಎರಡು ಸುತ್ತು ದಾರ ಕೊಟ್ಟು, ತನ್ನ ಕೈಯಾರೆ ಮಾಡಿದ ಮೆತ್ತೆ. ಮಂಚದ ಕೆಳಗೆ ಬಗ್ಗಿ ನೋಡಿದಳು. ಕಪಾಟು ತೆಗೆದಳು. ಕೊನೆಗೆ ಸಿಕ್ಕಿದ್ದು ಹಿಂಬದಿಯ ಜಗಲಿಯಲ್ಲಿ. ಮೇಲೆ ಬಗೆಬಗೆಯ ಕೂದಲು; ಒಂದು ಮೂಲೆಯನ್ನು ಯಾವುದೋ ನಾಯಿ ಕಚ್ಚಿ ಹರಿದಿತ್ತು. ಬಂದ ಅತಿಥಿಗಳ ನಾಯಿಗಳಿಗೆ ಅದು ಹಾಸಿಗೆ.

ಅವಳು ಸೊಂಟಕ್ಕೆ ಕೈಕೊಟ್ಟು ನಿಂತಿರುವಷ್ಟರಲ್ಲಿ ಮೇಸ್ತ್ರಿ ಬಂದು ಮೆತ್ತೆಯನ್ನು ಮೂಸಿ, ಮೂರು ಸುತ್ತು ಸುತ್ತಿ, ಅದರ ಮೇಲೆ ಧೊಪ್ಪೆಂದು ಬಿದ್ದು ನಿಟ್ಟುಸಿರು ಬಿಟ್ಟಿತು.

"ಮಲಕ್ಕೋ, ಮಲಕ್ಕೋ. ನಿನಗೆ ಮಾನ ಇಲ್ಲ, ಮರ್ಯಾದೆ ಇಲ್ಲ" ಎಂದಳು. ಆದರೂ ಎಬ್ಬಿಸಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಕಿಟಕಿಯ ಬಳಿ ಕುಳಿತಿದ್ದಾಗ ಹೊರಗೆ ಮಾತು ಕೇಳಿಸಿತು. ಮರಿ ಬಂದಿದ್ದ. ಜೊತೆಗೆ ಒಂದು ಎಳೆಯ ಜೋಡಿ. ಹುಡುಗಿಯ ತೋಳಿನಲ್ಲಿ ಅಂಗೈಯಗಲದ ನಾಯಿ. ಬರುವ ತಿಂಗಳಿಗೆ ಮನೆ ಗೊತ್ತುಮಾಡುವ ಮೊದಲು ನೋಡಿಹೋಗಲು ಬಂದವರು. ಒಳಗಿರುವ ಅತಿಥಿಗೆ ತೊಂದರೆಯಾಗದಿರಲೆಂದು ಮರಿ ಮೆಲುದನಿಯಲ್ಲೇ ಶುರುಮಾಡಿದರೂ, ಕಥೆ ಏರಿದಂತೆ ದನಿಯೂ ಏರಿತು.

"ಈ ಕಂಬ ಇದೆಯಲ್ಲ, ಇದನ್ನ ಎತ್ತಿದ ದಿನ ಮರೆಯೋ ಹಾಗೇ ಇಲ್ಲ. ಒಬ್ಬನೇ! ಹಗ್ಗ ಜಾರಿಬಿಡ್ತು. ಇನ್ನೇನು ಮೈಮೇಲೆ ಬಿತ್ತು ಅನ್ನೋವಾಗ ಬೆನ್ನು ಕೊಟ್ಟು ತಡೆದೆ ನೋಡಿ. ಇವತ್ತಿಗೂ ಚಳಿ ಬಂದ್ರೆ ಬೆನ್ನು ಹಿಡ್ಕೊಳ್ಳುತ್ತೆ."

"ಅಬ್ಬಾ" ಎಂದಳು ಹುಡುಗಿ. ಹುಡುಗ ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದ.

ಗಿಳಿಹಸಿರು ಬಾಗಿಲು ಗೋಡೆಗೆ ಬಡಿಯುವಂತೆ ತೆರೆಯಿತು.

"ಯಾವ ಬೆನ್ನು ಮರಿ? ತೋರ್ಸು ನೋಡೋಣ."

ಮರಿಯ ಮುಖದಲ್ಲಿ ಒಂದು ತೊಟ್ಟು ರಕ್ತ ಉಳಿಯಲಿಲ್ಲ. "ಅತ್ತಿಗೆ... ನೀವು... ಯಾವಾಗ ಬಂದ್ರಿ?"

"ಹಗ್ಗ ಜಾರಿದ್ದು ನಿಜ" ಎಂದು ಅವಳು ಎಳೆಯರ ಕಡೆ ತಿರುಗಿ ಎಡಗೈ ಚಾಚಿದಳು. "ಬಿದ್ದಿದ್ದು ಈ ಬೆರಳ ಮೇಲೆ. ಎತ್ತಿದ್ದು ನನ್ನ ಗಂಡ. ಇವರ ಅಣ್ಣ. ಇವರು ಆ ಹೊತ್ತಲ್ಲಿ ಅಂಗಡೀಲಿ ಯಾರಿಗೋ ಕೊಳಾಯಿ ತೋರಿಸ್ತಾ ಇದ್ರು."

"ಅತ್ತಿಗೆ, ಒಳಗೆ ಮಾತಾಡೋಣ. ಜನ ಇದಾರೆ."

"ಸುಳ್ಳು ಹೇಳೋಕೆ ಜನ ಬೇಕಿತ್ತು, ನಿಜ ಹೇಳೋವಾಗ ಬೇಡ್ವಾ? ಸತ್ತೋನು ಎದ್ದು ಬಂದು ಕೇಳಲ್ಲ ಅನ್ನೋ ಧೈರ್ಯ ಅಲ್ವಾ ನಿನಗೆ? ಅವರು ಬರಲ್ಲ. ನಾನು ಬರ್ತೀನಿ!"

ಹುಡುಗಿಯ ತೋಳಿನ ಪುಟ್ಟ ನಾಯಿ ಕೀಚಲು ದನಿಯಲ್ಲಿ ಬೊಗಳತೊಡಗಿತು. ಮೇಸ್ತ್ರಿ ಜಗಲಿಯ ಅಂಚಿಗೆ ಬಂದು ಒಂದೇ ಒಂದು ಸಲ ಗುರುಗುಟ್ಟಿತು. ಪುಟ್ಟದರ ಬಾಯಿ ಬಂದಾಯಿತು. ಎಳೆಯರಿಬ್ಬರೂ "ಆಮೇಲೆ ಫೋನ್ ಮಾಡ್ತೀವಿ ಸರ್" ಎನ್ನುತ್ತ ಬಂದ ದಾರಿ ಹಿಡಿದರು.

ಅವರು ಮರೆಯಾಗುವವರೆಗೂ ಮರಿ ದಾರಿಯನ್ನೇ ನೋಡುತ್ತ ನಿಂತಿದ್ದ. ಸೂಜಿಯಕ್ಕ ಅವನು ಕಾಲು ಹಿಡಿಯುತ್ತಾನೆಂದು, ಇಲ್ಲವೇ ಹಲ್ಲುಕಿರಿದು ಏನಾದರೊಂದು ತೇಪೆ ಹಚ್ಚುತ್ತಾನೆಂದು ಕಾದಿದ್ದಳು. ತಿರುಗಿದ ಅವನ ಮುಖ ಕೆಂಡವಾಗಿತ್ತು. ಈ ಮರಿಗೆ ಸಿಟ್ಟು ಬರುತ್ತದೆಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಆಯ್ತು, ಸುಳ್ಳು ಹೇಳ್ದೆ" ಎಂದು ಕೂಗಿದ. "ಕಂಬ ಎತ್ತಿಲ್ಲ ನಾನು. ಯಾಕೆ ಎತ್ತಿಲ್ಲ ಅಂತ ಕೇಳಿದೀರಾ ಯಾವತ್ತಾದ್ರೂ? ಎರಡು ಸಲ ಬಂದೆ. ಸುತ್ತಿಗೆ ತಗೊಂಡ್ರೆ ಅಣ್ಣ ಕೈಯಿಂದ ಕಿತ್ಕೊಂಡ. ‘ನೀನು ಮುಟ್ಟಿದ್ರೆ ನಾನು ಎರಡು ಸಲ ಕೆಲಸ ಮಾಡ್ಬೇಕು, ಹೋಗಿ ಟೀ ಕಾಸು’ ಅಂದ. ನೀವು ನಕ್ರಿ ಅತ್ತಿಗೆ. ಅಲ್ಲಿ ನಿಂತ್ಕೊಂಡು ನಕ್ರಿ."

ಅವಳಿಗೆ ಆ ನಗು ನೆನಪಿರಲಿಲ್ಲ. ನಕ್ಕಿರಬಹುದು; ಆಗ ಎಲ್ಲದಕ್ಕೂ ನಗುತ್ತಿದ್ದಳು.

"ಅದಕ್ಕೆ ಇದನ್ನ ನುಂಗಿ ನೀರು ಕುಡಿಯೋದಾ?"

"ಮೇಲೆ ನೋಡಿ" ಎಂದ ಅವನು. "ಅಣ್ಣ ತೀರಿಹೋದ ವರ್ಷವೇ ಗಾಳಿಗೆ ಅರ್ಧ ಛಾವಣಿ ಹಾರಿಹೋಯ್ತು. ನಿಮಗೆ ಫೋನ್ ಮಾಡಿ ‘ಮನೆ ಚೆನ್ನಾಗಿದೆ’ ಅಂದೆ. ಆ ಹೊತ್ತಲ್ಲಿ ನಿಮಗೆ ಇದನ್ನ ಹೇಳೋದು ಹೇಗೆ? ಒಂದೊಂದೇ ಹಲಗೆ ಹೊತ್ಕೊಂಡು ಬಂದೆ. ಎರಡು ಸಲ ಬಿದ್ದೆ. ‘ಒಬ್ಬನೇ’ ಅನ್ನೋ ಮಾತು ಅದಕ್ಕೇ ಬಾಯಿಗೆ ಬಂದಿದ್ದು. ಬಾಯಿಗೆ ಬಂದ ಮೇಲೆ ಬೆಳೀತಾ ಹೋಯ್ತು."

ಸೂಜಿಯಕ್ಕ ಕತ್ತೆತ್ತಿದಳು. ಛಾವಣಿಯ ಒಂದು ಪಾರ್ಶ್ವ ಗಂಡನ ಕೈಯದು: ಕೂದಲು ತೂರದ ಹಾಗೆ ಕೂಡಿದ ಹಲಗೆಗಳು. ಇನ್ನೊಂದು ಪಾರ್ಶ್ವದಲ್ಲಿ ಒಂದು ಹಲಗೆ ಗಿಡ್ಡ, ಒಂದು ಉದ್ದ; ಒಂದು ಮೊಳೆ ಸಾಕಾದ ಕಡೆ ನಾಲ್ಕು, ಅದರಲ್ಲಿ ಎರಡು ಡೊಂಕು. ಹೆದರುತ್ತ ಹೆದರುತ್ತ ಮಾಡಿದ ಕೆಲಸ. ಆದರೆ ಹಿಂದಿನ ದಿನ ಒಳಗೆ ಮಲಗಿದಾಗ ಒಂದು ಎಳೆ ಗಾಳಿ ನುಗ್ಗಿರಲಿಲ್ಲ, ನೆಲದ ಮೇಲೆ ಒಂದು ನೀರಿನ ಕಲೆಯೂ ಇರಲಿಲ್ಲ.

ಅದನ್ನು ಬಾಯಿಬಿಟ್ಟು ಹೇಳುವ ಮನಸ್ಸಾಗಲಿಲ್ಲ. "ಇದನ್ನ ಹೇಳೋಕೇನು ದಾಡಿ ಜನಕ್ಕೆ? ನೀನು ಮಾಡಿದ್ದು ಹೇಳು, ಬೇಡ ಅನ್ನಲ್ಲ. ಅವರು ಮಾಡಿದ್ದಕ್ಕೆ ಯಾಕೆ ಕೈ ಹಾಕ್ತೀಯ?"

"ಛಾವಣಿ ಹಾಕಿದವನ ಕಥೆ ಯಾರು ಕೇಳ್ತಾರೆ ಅತ್ತಿಗೆ?" ಎಂದು ಅವನು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ನೆಲ ನೋಡುತ್ತ ಹೇಳಿದ: "ಆಸ್ಪತ್ರೇಲಿ ಅಣ್ಣ ಕರೆದು ಹೇಳ್ದ. ‘ಮರಿ, ಬೆಟ್ಟದ ಮನೆ ಬೀಳೋಕೆ ಬಿಡ್ಬೇಡ. ನಿನ್ನ ಕೈಲಿ ಆಗುತ್ತೆ’ ಅಂದ. ಹುಟ್ಟಿದಾಗಿಂದ ಅವನು ನನಗೆ ಹಾಗಂದಿದ್ದು ಅದೊಂದೇ ಸಲ."

"ನಿನಗೆ ಹೇಳಿದ್ರಾ? ನಿನಗೆ?"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

ಅವಳು ಉತ್ತರಕ್ಕೆ ಕಾಯಲಿಲ್ಲ. "ಈಗ ಹೋಗು. ನಾಳೆ ಬಾ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಮೇಸ್ತ್ರಿಯನ್ನು ಕರೆದುಕೊಂಡು ಮರಗಳ ನಡುವೆ ಬಹಳ ದೂರ ನಡೆದಳು. ಮಂಜು ಇನ್ನೂ ಕರಗಿರಲಿಲ್ಲ. ಒಣಗಿದ ಎಲೆಗಳು ಕಾಲಡಿ ಸದ್ದು ಮಾಡುತ್ತಿದ್ದವು. ಮನುಷ್ಯರ ಸುಳಿವಿಲ್ಲದ ಜಾಗಕ್ಕೆ ಬಂದು ನಿಂತು ಗಂಡನನ್ನು ಬೈಯಲು ಶುರುಮಾಡಿದಳು. ಬದುಕಿದ್ದಾಗ ‘ರೀ’ ಎಂದು ಕರೆಯುತ್ತಿದ್ದವಳು ನೇರ ಏಕವಚನಕ್ಕೆ ಇಳಿದಳು.

"ಏನಯ್ಯಾ, ಹಾಸಿಗೆ ಪಕ್ಕದಲ್ಲಿ ಹಗಲೂ ರಾತ್ರಿ ಕೂತಿದ್ದವಳು ನಾನು. ನೀರು ಕುಡಿಸಿದವಳು ನಾನು. ಬಾಯಿ ಬಿಟ್ಟಿದ್ದು ತಮ್ಮನ ಹತ್ರ! ನನ್ನ ಹತ್ರ ಏನಂದೆ? ‘ನೀನು ಊಟ ಮಾಡ್ದ್ಯಾ’ ಅಂದೆ. ಅಷ್ಟೇ. ಅಷ್ಟು ವರ್ಷ ಬಾಳಿದ್ದಕ್ಕೆ ಕೊನೇ ಮಾತು ಊಟ ಮಾಡ್ದ್ಯಾ! ಅವನನ್ನ ಇಲ್ಲಿಂದ ಓಡಿಸಿದವನು ನೀನು, ಮನೆ ಒಪ್ಪಿಸಿದವನೂ ನೀನು. ನೀನು ಎಲ್ಲಾ ಮಾಡಿಟ್ಟು ಹೋದೆ. ಈಗ ಊರ ಮುಂದೆ ಗಂಟಲು ಹರ್ಕೊಳ್ಳೋಕೆ ನಾನು!"

ಮೇಸ್ತ್ರಿ ಮೊದಲು ಕಿವಿ ನಿಮಿರಿಸಿ ಕೇಳಿತು. ಆಮೇಲೆ ತಲೆಯೆತ್ತಿ ತಾನೂ ದನಿಗೂಡಿಸಿತು. ಇಬ್ಬರ ಸದ್ದಿಗೆ ಹಕ್ಕಿಗಳು ಗುಂಪಾಗಿ ಎದ್ದು ಹಾರಿದವು. ಬೈದು ಬೈದು ಗಂಟಲು ಕಟ್ಟಿತು. ಆಗ ಅವಳು ಒಂದು ಬಿದ್ದ ಮರದ ಮೇಲೆ ಕುಳಿತು ಅತ್ತಳು. ಗಂಡ ಸತ್ತ ದಿನ ಜನರ ನಡುವೆ ಹೀಗೆ ಅಳಲು ಆಗಿರಲಿಲ್ಲ. ಅಳುವಾಗಲೂ ಸಿಟ್ಟು ಇಳಿದಿರಲಿಲ್ಲ. ಕೈಯಲ್ಲಿ ಸಿಕ್ಕ ಕಡ್ಡಿಗಳನ್ನೆಲ್ಲ ಮುರಿದು ಮುರಿದು ಎಸೆಯುತ್ತಿದ್ದಳು. ಮೇಸ್ತ್ರಿ ಬಂದು ಅವಳ ಮೊಣಕಾಲಿಗೆ ಗದ್ದ ಇಟ್ಟು ನಿಂತಿತು, ಆ ನರೆತ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ವಾಪಸ್ಸು ಬಂದಾಗ ಮರಿ ಕಂಬದ ಮುಂದೆ ನಿಂತು ಬೋರ್ಡು ಬಿಚ್ಚಲು ಹೆಣಗುತ್ತಿದ್ದ. ಸ್ಕ್ರೂಗಳ ತಲೆ ಸವೆದು ತಿರುಪುಳಿ ಜಾರುತ್ತಿತ್ತು.

"ಒತ್ತಿ ಹಿಡಿದು ತಿರುಗಿಸು."

"ಒತ್ತಿದೀನಿ ಅತ್ತಿಗೆ."

"ಇದು ಒತ್ತೋದಾ? ಹೆಣ್ಣು ನೋಡೋಕೆ ಬಂದವನ ಹಾಗೆ ನಾಚ್ಕೊಂಡು ಮುಟ್ತಾ ಇದೀಯ. ಮೈಭಾರ ಹಾಕು."

ಅವನು ಭಾರ ಹಾಕಿದ. ಕೊನೆಯ ಸ್ಕ್ರೂ ಬರಲೇ ಇಲ್ಲ. ಅವಳು ಸುತ್ತಿಗೆಯ ಹಿಂಬದಿಯಿಂದ ಬೋರ್ಡನ್ನೇ ಸೀಳಿ ಕಿತ್ತಳು. ಆ ಸದ್ದು ಅವಳಿಗೆ ಹಿತವಾಯಿತು. ತುಂಡುಗಳು ಒಲೆಗೆ ಹೋದವು, ಅದರ ಮೇಲೆ ಮರಿ ಟೀ ಕಾಸಿದ. ಅಣ್ಣ ಅಂದದ್ದು ಅವನಿಗೂ ನೆನಪಾಯಿತೋ ಏನೋ, ಲೋಟ ಕೊಡುವಾಗ ಅವಳ ಮುಖ ನೋಡಲಿಲ್ಲ. ಅವಳು ಕೊನೆಯ ಗುಟುಕಿನವರೆಗೂ ಕುಡಿದಳು.

ಆಮೇಲೆ ಮೆತ್ತೆಯ ಕೆಲಸ. ಕೆಲಸದ ಚೀಲವಿಲ್ಲದೆ ಅವಳು ಎಲ್ಲಿಗೂ ಹೋಗುವವಳಲ್ಲ. ಬಾಗಿದ ಸೂಜಿ, ದಪ್ಪ ದಾರ, ಕತ್ತರಿ ಹೊರಬಂದವು. ಹರಿದ ಮೂಲೆಯನ್ನು ಬಿಚ್ಚಿ, ಕೂದಲು ಕೊಡವಿ, ಒಳಗಿನದನ್ನು ಬಿಸಿಲಿಗೆ ಹಾಕಿದಳು. ಹೊಲಿಯುವಾಗ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿಯುವ ಪಾಳಿ ಮರಿಯದು. ಸಡಿಲ ಬಿಟ್ಟಾಗಲೆಲ್ಲ ಬೈಗುಳ ಬಿತ್ತು.

"ಬಂದವರಿಗೆ ಏನು ಹೇಳ್ತೀಯ ಇನ್ಮೇಲೆ? ಹೇಳು, ಕೇಳೋಣ."

"ಈ ಮನೆ... ನಮ್ಮ ಅಣ್ಣ ಕಟ್ಟಿದ್ದು."

"ಅಣ್ಣ ಒಬ್ಬನೇನಾ?"

"ಅಣ್ಣ, ಅತ್ತಿಗೆ ಕಟ್ಟಿದ್ದು."

"ಆಮೇಲೆ?"

ಮರಿ ಮೆತ್ತೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಛಾವಣಿ ಯಾರದೋ? ನಾಯಿಯದಾ?" ಎಂದು ಗದರಿದಳು. "ಮಾಡಿದ್ದನ್ನ ಹೇಳೋಕೂ ನಾನೇ ಕೂಗಾಡ್ಬೇಕಾ? ಗಟ್ಟಿಯಾಗಿ ಹೇಳು. ಹಲಗೆ ಡೊಂಕಾಗಿದೆ ಅಂತಾನೂ ಹೇಳು."

ಮೆತ್ತೆ ಕಿಟಕಿಯ ಬಳಿಯ ತನ್ನ ಜಾಗಕ್ಕೆ ಹೋಯಿತು. ಹೂಹೂವಿನ ದಿಂಬು ನಾಯಿಗಳ ಪಾಲಾಯಿತು. ಮೇಸ್ತ್ರಿ ಅದನ್ನು ಒಂದು ಸಲ ಮೂಸಿ, ಇಷ್ಟವಾಗದೆ, ಒಳಗೆ ಬಂದು ಕಿಟಕಿಯ ಮೆತ್ತೆಯ ಮೇಲೇ ಹತ್ತಿ ಮಲಗಿತು.

ಹೊರಡುವ ದಿನ ಮರಿ ಬಸ್ಸಿನವರೆಗೆ ಚೀಲ ಹೊತ್ತುಕೊಂಡು ಬಂದ. ಇಳಿಜಾರಿನಲ್ಲಿ ಮೇಸ್ತ್ರಿಯ ಹಿಂಗಾಲು ಹಿಡಿದುಕೊಂಡಾಗ ಅದನ್ನೂ ಹೆಗಲ ಮೇಲೆ ಹಾಕಿಕೊಂಡ. ಅತ್ತಿಗೆ ಮೈದುನರ ನಡುವೆ ಕಣ್ಣೀರಿನ ಮಾತೇನೂ ನಡೆಯಲಿಲ್ಲ. "ಮತ್ತೆ ಬರ್ತೀರಾ ಅತ್ತಿಗೆ?" ಎಂದು ಅವನು ಕೇಳಿದ್ದಕ್ಕೆ, "ಬರ್ತೀನಿ. ಹೇಳಿ ಬರಲ್ಲ" ಎಂದಳು.

ಬಸ್ಸು ತಿರುವುಗಳಲ್ಲಿ ಇಳಿಯುತ್ತಿದ್ದಂತೆ ಅವಳಿಗೆ ಹೇಳಬೇಕಿದ್ದ ಇನ್ನೂ ಹಲವು ಮಾತು ಹೊಳೆದವು. ಕಾಫಿ ಲೋಟ ಇಟ್ಟ ಬೆಂಚಿನ ಬಗ್ಗೆ ಒಂದು ಸೊಲ್ಲೂ ಎತ್ತಿರಲಿಲ್ಲ. ಆ ಗಿಳಿಹಸಿರು ಬಣ್ಣವನ್ನೂ ಸುಮ್ಮನೆ ಬಿಟ್ಟುಬಂದಿದ್ದಳು. ಎಂಥಾ ಒಳ್ಳೆಯ ಬೈಗುಳಗಳು, ಹೊತ್ತಿಗೆ ಸರಿಯಾಗಿ ಒಂದೂ ನಾಲಿಗೆಗೆ ಬರಲಿಲ್ಲ! ಅವನ್ನು ಹೇಳಿ ಮುಗಿಸಲೆಂದೇ ಮುಂದಿನ ತಿಂಗಳು ಮತ್ತೆ ಹೋದಳು. ಅದರ ಮುಂದಿನ ತಿಂಗಳೂ ಹೋದಳು. ಮೇಸ್ತ್ರಿ ಕಾಡಿನ ದಾರಿ ಮೂಸಿ ಎಳೆಯುತ್ತಿತ್ತು, ಅವಳು ಬೈಯುತ್ತ ಹಿಂದೆ ಹತ್ತುತ್ತಿದ್ದಳು.